ಖಾಸಗಿ ಕೆಲಸದಾಗ ಎಲ್‌ಜಿಬಿಟಿ ನೌಕರರಿಗೆ ಕಾನೂನಿನ ರಕ್ಷಣೆ ಎಷ್ಟು? ಹುಬ್ಬಳ್ಳಿ-ಧಾರವಾಡದಾಗ ದೂರು ಯಾರಿಗೆ ಕೊಡಬೇಕು?

ಗೋಕುಲ ರೋಡ್ ಓದುಗ | 6 ಡಿಸೆಂಬರ್ 2025

ಕಾರ್ಮಿಕರಿಗೆ ಅರ್ಜಿ ಬರೆದುಕೊಡೋರಿಗೆ ಉಪಯೋಗ ಆಗಲಿ ಅಂತ ಕೇಳಾಕತ್ತೇನಿ. ಎರಡು ನಮೂನಿ ಪ್ರಕರಣ ಮುಂದ ಇಟ್ಕೊಂಡು ಉತ್ತರ ಕೊಡ್ರಿ.

ಒಂದನೇದು: ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಯೂನಿಟ್. 40 ಮಂದಿ ಕೆಲಸಗಾರರು, ಅರ್ಧಕ್ಕರ್ಧ ಗುತ್ತಿಗೆದಾರನ ಕಡೆಯವರು. ಪ್ಯಾಕಿಂಗ್ ಕೆಲಸಕ್ಕ ಬಂದ ಟ್ರಾನ್ಸ್ ಮಹಿಳೆಗೆ ಹಾಜರಿ ಪುಸ್ತಕದಾಗ ಹಳೇ ಹೆಸರು. ಗಂಡಸರ ಶೌಚಾಲಯಕ್ಕ ಹೋಗಂತಾರ, ಹೆಂಗಸರದಕ್ಕ ಬಿಡೂದಿಲ್ಲ. ಮೂರು ತಿಂಗಳಾದ ಮ್ಯಾಲೆ "ನಾಳಿಂದ ಬರಬ್ಯಾಡ" ಅಂತ ಬಾಯಿಮಾತು. ಕಾಗದ ಇಲ್ಲ, ಕಡೀ ತಿಂಗಳ ಪಗಾರನೂ ಇಲ್ಲ.

ಎರಡನೇದು: ವಿದ್ಯಾನಗರ ಕಡೆ ಒಂದು ಖಾಸಗಿ ಆಫೀಸು. ನಾಲ್ಕು ವರ್ಷದಿಂದ ಬಿಲ್ಲಿಂಗ್ ನೋಡಿಕೋತಿದ್ದ ಹುಡುಗ ಗೇ ಅಂತ ಸಹೋದ್ಯೋಗಿ ಒಬ್ಬ ಫೋಟೊ ತೋರಿಸಿ ಸುದ್ದಿ ಹಬ್ಬಿಸ್ಯಾನ. ಮ್ಯಾನೇಜರ್ ಒಳಗ ಕರದು ರಾಜೀನಾಮೆ ಬರೆಸಿಕೊಂಡಾನ.

2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಎರಡಕ್ಕೂ ಬರ್ತದೋ ಹೆಂಗ? ಇಷ್ಟು ಸಣ್ಣ ಯೂನಿಟ್‌ನ್ಯಾಗ ದೂರು ತಗೊಳ್ಳೋರು ಯಾರು? ಮೊದಲ ಕಾಗದ ಯಾರ ಹೆಸರಿಗೆ ಹೋಗಬೇಕು, ಎಷ್ಟು ದಿನದೊಳಗ?

ಧಾರವಾಡ ಕಾರ್ಮಿಕ ಕಾಯ್ದೆ | 6 ಡಿಸೆಂಬರ್ 2025

ಎರಡು ಪ್ರಕರಣಕ್ಕೆ ದಾರಿ ಎರಡು. ಅರ್ಜಿಯ ಒಂದೇ ನಮೂನೆ ಇಟ್ಟುಕೊಂಡು ಎರಡಕ್ಕೂ ಬಳಸಿದರೆ ಎರಡನೆಯ ಹುಡುಗನ ಕೇಸು ಮೊದಲ ದಿನವೇ ಬೀಳುತ್ತದೆ. ಹಾಗಾಗಿ ಬೇರೆ ಬೇರೆಯಾಗಿ ನೋಡೋಣ.

ಟ್ರಾನ್ಸ್ ನೌಕರರಿಗೆ ನೇರವಾದ ಕಾಯ್ದೆ ಇದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ಸಂರಕ್ಷಣೆ) ಕಾಯ್ದೆ 2019, ಜಾರಿಯಾದದ್ದು 10 ಜನವರಿ 2020ರಂದು. ಅದರ ಕಲಂ 3 ಉದ್ಯೋಗದಲ್ಲಿ ಅನ್ಯಾಯವಾಗಿ ನಡೆಸಿಕೊಳ್ಳುವುದನ್ನು, ಕೆಲಸ ನಿರಾಕರಿಸುವುದನ್ನು, ಕೆಲಸದಿಂದ ತೆಗೆಯುವುದನ್ನು ನಿಷೇಧಿಸುತ್ತದೆ. ಕಲಂ 9 ಅದನ್ನೇ ಸಂಸ್ಥೆಗಳ ಮೇಲೆ ಹೊರಿಸುತ್ತದೆ: ನೇಮಕಾತಿ, ಬಡ್ತಿ, ಇತರ ಯಾವ ವಿಷಯದಲ್ಲೂ ತಾರತಮ್ಯ ಮಾಡುವಂತಿಲ್ಲ. ಕಲಂ 11ರ ಪ್ರಕಾರ ಪ್ರತಿ ಸಂಸ್ಥೆಯೂ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು.

"ಸಣ್ಣ ಯೂನಿಟ್" ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ಕಲಂ 2(ಬಿ) ಓದಿ. ಸರ್ಕಾರಿ ಸಂಸ್ಥೆಯ ಜೊತೆಗೆ ಕಂಪನಿ, ಫರ್ಮ್, ಸಹಕಾರ ಸಂಘ, ಟ್ರಸ್ಟ್, ಏಜೆನ್ಸಿ ಎಲ್ಲವೂ "ಸಂಸ್ಥೆ"ಯೇ. ಎಷ್ಟು ಜನ ಕೆಲಸಗಾರರಿರಬೇಕು ಎಂಬ ಮಿತಿಯನ್ನು ಎಲ್ಲಿಯೂ ಹಾಕಿಲ್ಲ. ತಾರಿಹಾಳದ ಯೂನಿಟ್ಟೂ ಬಂತು, ಅದರ ಗುತ್ತಿಗೆದಾರನ ಏಜೆನ್ಸಿಯೂ ಬಂತು, ಗದಗ-ಬೆಟಗೇರಿಯ ನೇಕಾರರ ಸಹಕಾರ ಸಂಘವೂ ಬಂತು, ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಪಾಲುದಾರಿಕೆಯ ದಲಾಲಿ ಅಂಗಡಿಯೂ ಬಂತು. ಇನ್ನೊಂದು ಮಾತು: ಕಾಯ್ದೆಯ ವ್ಯಾಖ್ಯೆಯಲ್ಲಿ ಕಿನ್ನರ, ಹಿಜ್ರಾ, ಅರವಾಣಿ ಜೊತೆಗೆ "ಜೋಗ್ತಾ" ಎಂಬ ಪದ ಹೆಸರಿಟ್ಟೇ ಇದೆ. ಸವದತ್ತಿ ಸೀಮೆಯ, ಯಲ್ಲಮ್ಮನ ಸೇವೆಯ ಜೋಗಪ್ಪಗಳು ಈ ಕಾಯ್ದೆಯಡಿ ಬರುವುದಿಲ್ಲ ಎಂದು ಯಾವುದಾದರೂ ಕಚೇರಿಯಲ್ಲಿ ಹೇಳಿದರೆ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ.

ಈಗ ಕಾಯ್ದೆಯ ಸೊರಗಿದ ಜಾಗ. ಕಲಂ 9 ಮುರಿದರೆ ಶಿಕ್ಷೆ ಏನೆಂದು ಹುಡುಕಿದರೆ ಸಿಗುವುದಿಲ್ಲ. ಶಿಕ್ಷೆ ಇರುವುದು ಕಲಂ 18ರಲ್ಲಿ, ಆರು ತಿಂಗಳಿಂದ ಎರಡು ವರ್ಷದವರೆಗೆ ಸಜೆ ಮತ್ತು ದಂಡ. ಅದು ದೈಹಿಕ, ಲೈಂಗಿಕ, ಮೌಖಿಕ, ಭಾವನಾತ್ಮಕ ಮತ್ತು ಆರ್ಥಿಕ ದೌರ್ಜನ್ಯಕ್ಕೆ. "ತಾರತಮ್ಯ ಮಾಡಿದರು" ಎಂಬ ಒಂದೇ ಸಾಲಿನ ದೂರಿಗೆ ಪೊಲೀಸರು ಹಿಂಬರಹ ಕೊಟ್ಟು ಕಳಿಸುವುದು ಇದೇ ಕಾರಣಕ್ಕೆ. ಯಾರು, ಯಾವ ದಿನ, ಯಾವ ಪದ ಬಳಸಿ ಬೈದರು, ಪಕ್ಕದಲ್ಲಿ ಯಾರಿದ್ದರು, ಎಷ್ಟು ದಿನದ ಪಗಾರ ತಡೆಹಿಡಿದರು, ಎಷ್ಟು ಹೊತ್ತು ಶೌಚಾಲಯಕ್ಕೆ ಬಿಡಲಿಲ್ಲ: ಇವು ದೂರಿನಲ್ಲಿ ಇದ್ದರೆ ಕಲಂ 18 ತಾನಾಗಿ ಕಾಣುತ್ತದೆ.

ಸುಪ್ರೀಂ ಕೋರ್ಟ್ 17 ಅಕ್ಟೋಬರ್ 2025ರಂದು ಜೇನ್ ಕೌಶಿಕ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಅರ್ಜಿಯ ಜೊತೆ ಲಗತ್ತಿಸಿ. ಖಾಸಗಿ ಶಾಲೆಗಳಲ್ಲಿ ಕೆಲಸ ಕಳೆದುಕೊಂಡ ಟ್ರಾನ್ಸ್ ಶಿಕ್ಷಕಿಯ ಪ್ರಕರಣ ಅದು. ಕೋರ್ಟ್ ಪರಿಹಾರ ಕೊಡಿಸಿತು. ಕಾಯ್ದೆ ಮಾಡಿಟ್ಟು ಜಾರಿಗೊಳಿಸದೆ ಸರ್ಕಾರಗಳು ಸುಮ್ಮನೆ ಕುಳಿತದ್ದೂ ತಾರತಮ್ಯವೇ ಎಂದಿತು. ಸಮಾನ ಅವಕಾಶದ ನೀತಿ ರೂಪಿಸಲು ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ದೂರು ಅಧಿಕಾರಿ ಇಲ್ಲದ ಯೂನಿಟ್‌ಗೆ ಇದಕ್ಕಿಂತ ಬಲವಾದ ಕಾಗದ ಸದ್ಯಕ್ಕೆ ಬೇರೆ ಇಲ್ಲ.

ಎರಡನೆಯ ಪ್ರಕರಣ. ಗೇ, ಲೆಸ್ಬಿಯನ್, ಬೈಸೆಕ್ಷುವಲ್ ನೌಕರರಿಗೆ ಖಾಸಗಿ ಕೆಲಸದಲ್ಲಿ ತಾರತಮ್ಯ ಕೂಡದು ಎಂದು ಹೆಸರು ಹಿಡಿದು ಹೇಳುವ ಕಾಯ್ದೆ ನಮ್ಮಲ್ಲಿಲ್ಲ. ಇದನ್ನು ಮುಚ್ಚಿಟ್ಟು ಯಾರಿಗೂ ಭರವಸೆ ಕೊಡಬಾರದು. ಸುಪ್ರೀಂ ಕೋರ್ಟಿನ 6 ಸೆಪ್ಟೆಂಬರ್ 2018ರ ನವತೇಜ್ ಸಿಂಗ್ ಜೋಹರ್ ತೀರ್ಪು ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದಿತು. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 377ಕ್ಕೆ ಸಮನಾದ ಕಲಮೇ ಇಲ್ಲ. ಆದರೆ ಸಂವಿಧಾನದ 14, 15, 16ನೇ ವಿಧಿಗಳನ್ನು ನೇರವಾಗಿ ಹಿಡಿದು ಕೇಳಲು ಬರುವುದು ಮುಖ್ಯವಾಗಿ ಸರ್ಕಾರದ ವಿರುದ್ಧ. ಹೆಸ್ಕಾಂ, ವಾಯವ್ಯ ಸಾರಿಗೆ, ವಿಶ್ವವಿದ್ಯಾಲಯದಂತಹ ಕಡೆ ಆಗಿದ್ದರೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ರಿಟ್ ಹಾಕಬಹುದು. ರಾಜ್ಯ ಸರ್ಕಾರಿ ನೌಕರನಾದರೆ ಮೊದಲು ಆಡಳಿತ ನ್ಯಾಯಮಂಡಳಿಯ ಬೆಳಗಾವಿ ಪೀಠ.

ವಿದ್ಯಾನಗರದ ಆಫೀಸಿನ ವಿರುದ್ಧ "ನಾನು ಗೇ ಅಂತ ತೆಗೆದರು" ಎಂಬುದನ್ನು ಸಾಬೀತು ಮಾಡಲು ಹೊರಡಬೇಡಿ. ಕೆಲಸದಿಂದ ತೆಗೆದ ರೀತಿಯೇ ಕಾನೂನುಬಾಹಿರ ಎಂದು ಹಿಡಿಯಿರಿ. ಆಪಾದನಾ ಪತ್ರ ಇಲ್ಲ, ವಿಚಾರಣೆ ಇಲ್ಲ, ನೋಟಿಸು ಇಲ್ಲ, ನಾಲ್ಕು ವರ್ಷದ ಸೇವೆಗೆ ಪರಿಹಾರ ಇಲ್ಲ. ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಮ್ಯಾನೇಜರ್ ಅಲ್ಲಗಳೆಯಬಹುದು. ವಿಚಾರಣೆಯ ಕಡತ ಎಲ್ಲಿ ಎಂದು ಕೇಳಿದರೆ ಅಲ್ಲಗಳೆಯಲು ಅವನ ಹತ್ತಿರ ಏನೂ ಇರುವುದಿಲ್ಲ.

ರಾಜೀನಾಮೆ ಬರೆಸಿಕೊಂಡಿದ್ದರೆ ಆ ದಿನವೇ, ತಪ್ಪಿದರೆ ಮರುದಿನ, ಹಿಂತೆಗೆದುಕೊಳ್ಳುವ ಪತ್ರ ಹೋಗಬೇಕು. ಅಂಗೀಕಾರವಾಗುವ ಮೊದಲು ರಾಜೀನಾಮೆ ಹಿಂಪಡೆಯಬಹುದು. ಇ-ಮೇಲ್ ಒಂದು, ಸ್ಪೀಡ್ ಪೋಸ್ಟ್ ಒಂದು. "ಇಂಥ ದಿನ ಇಷ್ಟು ಗಂಟೆಗೆ ಒತ್ತಡ ಹಾಕಿ ಬರೆಸಿಕೊಂಡಿರಿ, ನಾನು ಕೆಲಸಕ್ಕೆ ಸಿದ್ಧನಿದ್ದೇನೆ" ಎಂದಷ್ಟೇ. ಅಂತಿಮ ಲೆಕ್ಕದ ಹಣ ತೆಗೆದುಕೊಂಡು "ಇನ್ನು ಯಾವ ಬಾಕಿಯೂ ಇಲ್ಲ" ಎಂದು ಸಹಿ ಹಾಕಿದ ಮೇಲೆ ಬಂದರೆ ನಮ್ಮ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ.

ಅವಧಿ: 21 ನವೆಂಬರ್ 2025ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ವಜಾ ವಿವಾದ ಮೊದಲು ಹೋಗುವುದು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ. 45 ದಿನದಲ್ಲಿ ಬಗೆಹರಿಯದಿದ್ದರೆ ನೌಕರನೇ ನೇರವಾಗಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಹೊರಮಿತಿ ವಜಾ ಆದ ದಿನದಿಂದ ಎರಡು ವರ್ಷ. ಹಳೆಯ ಕಾಯ್ದೆಯಲ್ಲಿ ಮೂರು ವರ್ಷವಿತ್ತು, ಆ ಲೆಕ್ಕದಲ್ಲಿ ಕುಳಿತವರು ಎಚ್ಚರವಾಗಬೇಕು. ಬಿಲ್ಲಿಂಗ್ ಗುಮಾಸ್ತ "ಕೆಲಸಗಾರ" ಎಂಬ ವ್ಯಾಖ್ಯೆಯಲ್ಲಿ ಬರುತ್ತಾನೆ. ಮ್ಯಾನೇಜರ್ ಹುದ್ದೆಯವರು, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಗಾರದ ಮೇಲ್ವಿಚಾರಕರು ಬರುವುದಿಲ್ಲ. ಅವರಿಗೆ ನೇಮಕಾತಿ ಪತ್ರದ ಷರತ್ತು ಹಿಡಿದು ಸಿವಿಲ್ ಕೋರ್ಟು.

ಬೇಲೂರು ಎಚ್‌ಆರ್ | 7 ಡಿಸೆಂಬರ್ 2025

ಮ್ಯಾಲಿನ ಉತ್ತರಕ್ಕ ಕಂಪನಿ ಒಳಗಿನ ಕೆಲಸ ಸೇರಸ್ತೇನಿ.

ಅದೇ ಟ್ರಾನ್ಸ್‌ಜೆಂಡರ್ ಕಾಯ್ದೆಯ 2020ರ ನಿಯಮಗಳು ಓದ್ರಿ ಸರ, 12 ಮತ್ತು 13ನೇ ನಿಯಮ. ದೂರು ಅಧಿಕಾರಿ ದೂರು ಬಂದ 15 ದಿನದಾಗ ವಿಚಾರಣೆ ಮಾಡಬೇಕು. ವರದಿ ಕೊಟ್ಟ 15 ದಿನದಾಗ ಸಂಸ್ಥೆಯ ಮುಖ್ಯಸ್ಥರು ಕ್ರಮ ತಗೋಬೇಕು. ಅಂದ್ರ ಒಟ್ಟು ಒಂದು ತಿಂಗಳು. 31ನೇ ದಿನ ಎರಡನೇ ಪತ್ರ ಹೋಗಬೇಕು ಅಂತ ಕ್ಯಾಲೆಂಡರ್‌ನ್ಯಾಗ ಮೊದಲೇ ಗುರುತು ಹಾಕಿಡ್ರಿ. ಸಮಾನ ಅವಕಾಶ ನೀತಿ ಬರೆದು ವೆಬ್‌ಸೈಟಿನ್ಯಾಗ, ಅದು ಇಲ್ಲಾಂದ್ರ ಎಲ್ಲಾರ ಕಣ್ಣಿಗೆ ಬೀಳೋ ಜಾಗದಾಗ ಹಾಕಬೇಕು. ಎಲ್ಲರೂ ಬಳಸಬಹುದಾದ ಶೌಚಾಲಯ, ಸುರಕ್ಷತೆ, ಲಿಂಗ ಗುರುತಿನ ಗೌಪ್ಯತೆ, ದೂರು ಅಧಿಕಾರಿಯ ವಿವರ, ಇಷ್ಟೂ ಆ ನೀತಿಯೊಳಗ ಇರಬೇಕು.

ನೋಟಿಸ್ ಬೋರ್ಡಿನ ಫೋಟೊ ತಗೊಂಡು ಇಟ್ಕೊಳ್ರಿ. ಕನಿಷ್ಠ ವೇತನದ ಹಾಳೆ, ಫಸ್ಟ್ ಏಡ್ ಮಾಡೋರ ಹೆಸರು ಎಲ್ಲಾ ಇರ್ತಾವು, ಈ ನೀತಿ ಒಂದು ಇರೂದಿಲ್ಲ. ದಿನಾಂಕ ಕಾಣೋ ಅಂಥಾ ಆ ಒಂದು ಫೋಟೊ ಆಮೇಲೆ ಭಾಳ ಮಾತಾಡ್ತದ.

ದೂರು ಅಧಿಕಾರಿ ಇಲ್ಲಾ ಅಂದ್ರ ಪತ್ರ ಯಾರಿಗೆ? "ದೂರು ಅಧಿಕಾರಿ, ಕಲಂ 11" ಅಂತನೇ ವಿಳಾಸ ಬರೆದು, "ಮುಖಾಂತರ: ಕಾರ್ಖಾನೆ ವ್ಯವಸ್ಥಾಪಕರು" ಅಂತ ಹಾಕ್ರಿ. ಅಂಥಾ ಹುದ್ದೆನೇ ನಮ್ಮಲ್ಲಿಲ್ಲ ಅಂತ ಕಂಪನಿ ಉತ್ತರ ಕೊಟ್ರ ಅದು ಅವರೇ ಬರೆದುಕೊಟ್ಟ ತಪ್ಪೊಪ್ಪಿಗೆ. ಅದೇ ಪತ್ರ ಗುತ್ತಿಗೆದಾರನಿಗೂ ಹೋಗಬೇಕು. ಒಬ್ಬರಿಗೇ ಬರೆದ್ರ ಕಂಪನಿ "ನಮ್ಮ ಕಾರ್ಮಿಕಳಲ್ಲ" ಅಂತದ, ಗುತ್ತಿಗೆದಾರ "ಗೇಟು ನಂದಲ್ಲ" ಅಂತಾನ. ಇಬ್ಬರ ಹೆಸರೂ ಒಂದೇ ಹಾಳಿ ಮ್ಯಾಲೆ ಇದ್ರ ಒಬ್ಬರ ಮ್ಯಾಲೆ ಒಬ್ಬರು ಹಾಕಿ ಜಾರಿಕೊಳ್ಳಾಕ ಆಗೂದಿಲ್ಲ.

ಇನ್ನೊಂದು ದಾರಿ ಜನ ಬಳಸೂದೇ ಇಲ್ಲ. ತಾರಿಹಾಳ, ಬೇಲೂರು, ಗೋಕುಲ ರೋಡ್ ಯೂನಿಟ್‌ಗಳು ಬಹಳಷ್ಟು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಪೂರೈಸ್ತಾವು. ದೊಡ್ಡ ಕಂಪನಿಗಳು ಪೂರೈಕೆದಾರರ ಕಡೆಯಿಂದ ನೀತಿ ಸಂಹಿತೆಗೆ ಸಹಿ ಮಾಡಿಸಿಕೊಂಡಿರ್ತಾವು. ಅದರಾಗ ಲಿಂಗ ಗುರುತು, ಲೈಂಗಿಕ ಒಲವು ಎರಡರ ಮ್ಯಾಲೂ ತಾರತಮ್ಯ ಕೂಡದು ಅನ್ನೋ ಸಾಲು ಇದ್ದರ, ಆ ದೊಡ್ಡ ಕಂಪನಿಯ ನೈತಿಕತೆ ದೂರಿನ ಇ-ಮೇಲಿಗೆ ಬರೀರಿ. ಕಾಯ್ದೆ ಇಲ್ಲದ ಗೇ, ಲೆಸ್ಬಿಯನ್ ನೌಕರರಿಗೂ ಇದು ನಡೀತದ. ಮಾಲು ತಗೊಳ್ಳೋರು ಕೇಳಿದ ಪ್ರಶ್ನೆಗೆ ಉತ್ತರ ಕೊಡದ ಯೂನಿಟ್ ಕಾಣೂದು ಕಡಿಮಿ.

ಹಾನಗಲ್ಲ ಮಿತ್ರ | 7 ಡಿಸೆಂಬರ್ 2025

ಹೆಸರಿನ ವಿಷಯ ಯಾರೂ ಎತ್ತಲಿಲ್ಲ. ಅರ್ಧ ತಂಟೆ ಹುಟ್ಟೂದು ಅಲ್ಲೇ.

ದೂರು ಕೊಡಾಕ ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರ ಇರಲೇಬೇಕು ಅಂತ ಕಲಂ 9ರಾಗ ಹೇಳಿಲ್ಲ. ಅದಕ್ಕ ದೂರು ಮೊದಲು ಕೊಡ್ರಿ, ಪ್ರಮಾಣಪತ್ರಕ್ಕ ಜೊತೀಗೇ ಅರ್ಜಿ ಹಾಕ್ರಿ. ಕಾಯಬ್ಯಾಡ್ರಿ.

ಅರ್ಜಿ ಕೇಂದ್ರ ಸಾಮಾಜಿಕ ನ್ಯಾಯ ಇಲಾಖೆಯ ಟ್ರಾನ್ಸ್‌ಜೆಂಡರ್ ಪೋರ್ಟಲ್‌ನ್ಯಾಗ, ಕೊಡೋರು ಜಿಲ್ಲಾಧಿಕಾರಿ. ನಮೂನೆ 1 ಅರ್ಜಿ, ನಮೂನೆ 2 ಅಫಿಡವಿಟ್. 2020ರ ನಿಯಮಗಳ ಪ್ರಕಾರ ವೈದ್ಯಕೀಯ ತಪಾಸಣೆ ಇಲ್ಲ. ಆಸ್ಪತ್ರೆ ಚೀಟಿ ತಗೊಂಡು ಬಾ ಅಂದ್ರ ಯಾವ ನಿಯಮದಾಗ ಐತಿ ಅಂತ ಲಿಖಿತವಾಗಿ ಕೊಡ್ರಿ ಅನ್ರಿ. 30 ದಿನದಾಗ ಬರಬೇಕು.

ಎಲ್ಲಾರೂ ಎಡವೂದು 12 ತಿಂಗಳ ಮಾತಿನ್ಯಾಗ. ಅರ್ಜಿ ಹಾಕೋ ದಿನಕ್ಕ ಸತತ 12 ತಿಂಗಳು ಆ ಜಿಲ್ಲಾದಾಗ ವಾಸ ಇರಬೇಕು, ಅಫಿಡವಿಟ್‌ನ್ಯಾಗೂ ಹಂಗ ಬರೀಬೇಕು. ಹಾವೇರಿಯಿಂದ ಆರು ತಿಂಗಳ ಹಿಂದ ಹುಬ್ಬಳ್ಳಿಗೆ ಕೆಲಸಕ್ಕ ಬಂದಾಕಿ ಧಾರವಾಡ ಜಿಲ್ಲಾಧಿಕಾರಿ ಕಡೆ ಅರ್ಜಿ ಹಾಕಿದ್ರ ವ್ಯಾಪ್ತಿ ಇಲ್ಲ ಅಂತ ತಿರುಗಿ ಬರ್ತದ, ಒಂದು ತಿಂಗಳು ಹೋತು. ಪೋರ್ಟಲ್ ಅಲ್ಲೇನು, ಎಲ್ಲಿ ಕುಂತ್ರೂ ಹಾಕಬಹುದು ಅನ್ನೋದು ಖರೆ, ಆದ್ರ ಜಿಲ್ಲಾ ಆರಿಸೋ ಕಾಲಂ ಸರಿ ತುಂಬಿರಬೇಕು.

ಎರಡನೇ ತಪ್ಪು ಅಕ್ಷರ. ಆಧಾರ್‌ದಾಗ ಅಪ್ಪನ ಹೆಸರು ಪೂರ್ತಿ, ಹತ್ತನೇತ್ತಿ ಮಾರ್ಕ್ಸ್ ಕಾರ್ಡಿನ್ಯಾಗ ಬರೇ ಇನಿಷಿಯಲ್, ಅಫಿಡವಿಟ್‌ನ್ಯಾಗ ಮನೆತನದ ಹೆಸರು. ಮೂರೂ ಬೇರೆ. ಹಳೇ ಹೆಸರು ಆಧಾರ್‌ದಾಗ ಇದ್ದಂಗ ಅಕ್ಷರಕ್ಕ ಅಕ್ಷರ ಬರೀರಿ, ಹೊಸ ಹೆಸರು ಮುಂದ ಎಲ್ಲಾ ಕಡೆ ಹೆಂಗ ಬೇಕೋ ಅದೇ ಕಾಗುಣಿತದಾಗ ಒಮ್ಮೆಗೇ ನಿರ್ಧಾರ ಮಾಡ್ರಿ.

ಪ್ರಮಾಣಪತ್ರ ಬಂದ ಮ್ಯಾಲೆ ಕ್ರಮ ಹಿಂಗ: ಆಧಾರ್, ಆಮೇಲೆ ಪ್ಯಾನ್ (2018ರಿಂದ ಅಲ್ಲೂ ಟ್ರಾನ್ಸ್‌ಜೆಂಡರ್ ಅನ್ನೋ ಕಾಲಂ ಐತಿ), ಆಮೇಲೆ ಬ್ಯಾಂಕು, ಕಡೀಗೆ ಪಿಎಫ್. ಪಿಎಫ್ ಮೊದಲು ತಿದ್ದಾಕ ಹೋದ್ರ ಆಧಾರ್ ಜೊತಿ ಹೊಂದೂದಿಲ್ಲ ಅಂತ ತಿರಸ್ಕಾರ ಆಗ್ತದ. ಕೆಲವರ ಪಿಎಫ್ ತಿದ್ದುಪಡಿಗೆ ಮಾಲಕರ ಒಪ್ಪಿಗೆ ಬೇಕಾಗೋ ಜಂಟಿ ಘೋಷಣೆ ಇರ್ತದ. ಕೆಲಸದಿಂದ ತೆಗೆದ ಮ್ಯಾಲೆ ಅದೇ ಮಾಲಕನ ಸಹಿ ಸಿಗೂದು ಕಷ್ಟ. ಅದಕ್ಕ ಕೆಲಸದಾಗ ಇದ್ದಾಗಲೇ ಮುಗಿಸಿಕೋಬೇಕು ಅಂತ ಎಲ್ಲಾರಿಗೂ ಹೇಳ್ರಿ.

ಸಾಧನಕೇರಿ | 7 ಡಿಸೆಂಬರ್ 2025

ಲೈಂಗಿಕ ಕಿರುಕುಳವೂ ಇದ್ದರೆ, ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ದಾರಿ ಬೇರೆಯಾಗಿ ಇದೆ, ಅದನ್ನು ಬಿಡಬೇಡಿ. ಲೆಸ್ಬಿಯನ್ ನೌಕರಳಿಗೆ ಮಹಿಳಾ ಮೇಲಧಿಕಾರಿಯೇ ಕಿರುಕುಳ ಕೊಟ್ಟರೂ ದೂರು ನಿಲ್ಲುತ್ತದೆ. ಆರೋಪಿ ಗಂಡಸೇ ಆಗಿರಬೇಕಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2020ರಲ್ಲಿ ಮಾಲಬಿಕಾ ಭಟ್ಟಾಚಾರ್ಜಿ ಪ್ರಕರಣದಲ್ಲಿ ಹೇಳಿದೆ. ಟ್ರಾನ್ಸ್ ಮಹಿಳೆಯರ ದೂರಿಗೆ ತನ್ನ ಲಿಂಗ ಗುರುತನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಒಪ್ಪಿದ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಮತ್ತು ಗುರುತಿನ ಪ್ರಮಾಣಪತ್ರ ಎರಡನ್ನೂ ಲಗತ್ತಿಸಿ. ಗೇ ಪುರುಷರಿಗೆ ಮಾತ್ರ ಈ ಕಾಯ್ದೆ ಸಿಗುವುದಿಲ್ಲ, ಅದು ಮಹಿಳೆಯರಿಗೆ ಮಾಡಿದ್ದು. ಕಂಪನಿಯ ಸ್ವಂತ ನೀತಿ ಎಲ್ಲ ಲಿಂಗದವರಿಗೂ ಅನ್ವಯಿಸುವಂತಿದ್ದರೆ ಅದರಡಿ ಕೊಡಬೇಕು.

ದೂರು ಕೊಡುವ ಅವಧಿ ಮೂರು ತಿಂಗಳು. ದೂರು ಕೇಳುವ ಕಂಪನಿಯ ಆಂತರಿಕ ಸಮಿತಿ ಒಪ್ಪಿದರೆ ಇನ್ನೂ ಮೂರು. 10ಕ್ಕಿಂತ ಕಡಿಮೆ ಜನ ಇರುವ ಕಡೆ, ಅಥವಾ ಮಾಲೀಕನೇ ಆರೋಪಿಯಾದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ. ವಿಚಾರಣೆ ನಡೆಯುವಾಗ ವರ್ಗಾವಣೆ ಅಥವಾ ಮೂರು ತಿಂಗಳವರೆಗೆ ರಜೆ ಕೇಳಬಹುದು, ಅದನ್ನು ಅರ್ಜಿಯಲ್ಲಿ ಬರೆದು ಕೇಳಿದರೆ ಮಾತ್ರ.

ಗೋಕುಲ ರೋಡ್ ಓದುಗ | 8 ಡಿಸೆಂಬರ್ 2025

ಎಲ್ಲಾರಿಗೂ ಶರಣ್ರಿ. ಎರಡು ಸಂಶಯ ಉಳಿದಾವು. ಎರಡನೇ ಪ್ರಕರಣದ ಹುಡುಗನ ಮನಿಯಾಗ ಯಾರಿಗೂ ಗೊತ್ತಿಲ್ಲ ಅನ್ಕೊಳ್ರಿ. ಕೇಸು ಹಾಕಿದ್ರ ಮನಿ ಮಟಾ ಸುದ್ದಿ ಮುಟ್ಟೂದಿಲ್ಲೇನು? ಮತ್ತ ಫೋಟೊ ತೋರಿಸಿದವ "ರೊಕ್ಕ ಕೊಡು, ಇಲ್ಲಾಂದ್ರ ನಿಮ್ಮ ಅಪ್ಪಗ ಕಳಸ್ತೇನಿ" ಅಂತ ಅಂದಿದ್ರ?

ಧಾರವಾಡ ಕಾರ್ಮಿಕ ಕಾಯ್ದೆ | 8 ಡಿಸೆಂಬರ್ 2025

ಸಂಧಾನಾಧಿಕಾರಿಗೆ ಕೊಡುವ ಅರ್ಜಿಯಲ್ಲಿ ಲೈಂಗಿಕ ಒಲವಿನ ಬಗ್ಗೆ ಒಂದು ಅಕ್ಷರವೂ ಬೇಡ. ಮೇಲೆ ನಾನು ಹೇಳಿದ ದಾರಿಗೆ ಅದು ಬೇಕಾಗಿಯೂ ಇಲ್ಲ: ವಿಚಾರಣೆ ಇಲ್ಲದೆ, ಒತ್ತಡದ ರಾಜೀನಾಮೆಯಿಂದ ತೆಗೆದರು, ಅಷ್ಟೇ. ಕಾರಣ ಹೇಳಬೇಕಾದ ಹೊರೆ ಕಂಪನಿಯದು. ಹೇಳದೆ ಇರುವುದು ಸುಳ್ಳಲ್ಲ. ಖಾಸಗಿತನ ಮೂಲಭೂತ ಹಕ್ಕು, ಲೈಂಗಿಕ ಒಲವು ಅದರ ಒಳಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟಿನ 24 ಆಗಸ್ಟ್ 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಬಂದಿದೆ. ಅರ್ಜಿಯಲ್ಲಿ ಪತ್ರವ್ಯವಹಾರಕ್ಕೆ ಮನೆಯ ವಿಳಾಸದ ಬದಲು ವಕೀಲರ ಅಥವಾ ಸಂಘದ ವಿಳಾಸ ಕೊಡಿ. ಇಲಾಖೆಯ ನೋಟಿಸು ಮನೆ ಬಾಗಿಲಿಗೆ ಬಂದು ಅಪ್ಪನ ಕೈಗೆ ಸಿಗುವುದು ಹೀಗೆ ತಪ್ಪುತ್ತದೆ. ಹುಡುಗನನ್ನು ಕೇಳದೆ ಅವನ ವಿಷಯವನ್ನು ಯಾವ ಕಾಗದದಲ್ಲೂ ಬರೆಯುವ ಹಕ್ಕು ಅರ್ಜಿ ಬರೆಯುವ ನಮಗಿಲ್ಲ.

ರೊಕ್ಕದ ಬೆದರಿಕೆ ಬೇರೆ ಕೇಸು. ನ್ಯಾಯ ಸಂಹಿತೆಯ ಕಲಂ 308 ಸುಲಿಗೆ, 351 ಬೆದರಿಕೆ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ, ಒಂದು ರೂಪಾಯಿಯನ್ನೂ ಕೊಡಬಾರದು. ಕೊಟ್ಟಾಗಿದ್ದರೆ ಯುಪಿಐ ದಾಖಲೆ ಸಾಕ್ಷಿಯೇ. ಸಂದೇಶ ಬಂದ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಬರೀ ಸ್ಕ್ರೀನ್‌ಶಾಟ್ ಮುದ್ರಿಸಿ ಕೊಟ್ಟರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದು ಫೋನಿನ ಒಡೆಯ ಸಹಿ ಮಾಡುವುದು, ಇನ್ನೊಂದು ತಜ್ಞರದು.

ಖರ್ಚಿಗೆ ಹೆದರಬೇಕಿಲ್ಲ. ಕೈಗಾರಿಕಾ ಕಾರ್ಮಿಕರಿಗೂ ಮಹಿಳೆಯರಿಗೂ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಸಹಾಯವಾಣಿ 15100.

ಗೋಕುಲ ರೋಡ್ ಓದುಗ | 9 ಡಿಸೆಂಬರ್ 2025

ಒಂದನೇ ಪ್ರಕರಣಕ್ಕ ಕರಡು ಹಿಂಗ ಮಾಡೇನಿ, ನೋಡ್ರಿ: "ನಾನು ತಮ್ಮ ಕಾರ್ಖಾನೆಯಲ್ಲಿ ಮೂರು ತಿಂಗಳು ಕೆಲಸ ಮಾಡಿದ್ದು, ನನ್ನ ಲಿಂಗತ್ವದ ಕಾರಣಕ್ಕೆ ತಾರತಮ್ಯ ಮಾಡಿ ತೆಗೆದಿರುತ್ತೀರಿ. ಮಾನವೀಯತೆಯಿಂದ ದಯಮಾಡಿ ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕಾಗಿ ಕೈಮುಗಿದು ವಿನಂತಿ."

ಧಾರವಾಡ ಕಾರ್ಮಿಕ ಕಾಯ್ದೆ | 9 ಡಿಸೆಂಬರ್ 2025

"ಮಾನವೀಯತೆಯಿಂದ", "ದಯಮಾಡಿ", "ಕೈಮುಗಿದು" ಮೂರನ್ನೂ ತೆಗೆಯಿರಿ. ಕಲಂ 9 ಕೊಟ್ಟದ್ದನ್ನು ಕೇಳುತ್ತಿದ್ದೇವೆ. "ಮೂರು ತಿಂಗಳು" ಬದಲು ಸೇರಿದ ದಿನಾಂಕ, ಕೊನೆಯ ದಿನಾಂಕ. "ತಾರತಮ್ಯ" ಬದಲು ನಡೆದದ್ದು: ಹಾಜರಿಯಲ್ಲಿ ಹಳೆಯ ಹೆಸರು, ಶೌಚಾಲಯ ತಡೆದ ದಿನಗಳು ಮತ್ತು ತಡೆದವರ ಹುದ್ದೆ, "ನಾಳಿಂದ ಬರಬ್ಯಾಡ" ಎಂದವರು ಯಾರು, ಎಷ್ಟು ಗಂಟೆಗೆ, ಎಷ್ಟು ದಿನದ ಪಗಾರ ಬಾಕಿ. ಕೊನೆಗೆ ಕೇಳಿಕೆ ನಾಲ್ಕು: ಕಲಂ 11ರ ದೂರು ಅಧಿಕಾರಿಯ ಹೆಸರು ತಿಳಿಸಿ, 15 ದಿನದಲ್ಲಿ ವಿಚಾರಣೆ ಮಾಡಿ, ಬಾಕಿ ಪಗಾರ ಕೊಡಿ, ಕೆಲಸಕ್ಕೆ ಮರಳಿ ತೆಗೆದುಕೊಳ್ಳಿ. ಪ್ರತಿಗಳು ಗುತ್ತಿಗೆದಾರನಿಗೆ, ಕಾರ್ಮಿಕ ಅಧಿಕಾರಿಗೆ, ಜಿಲ್ಲಾಧಿಕಾರಿಗೆ. ಜಿಲ್ಲಾಧಿಕಾರಿ ಕಚೇರಿಯ ಪ್ರತಿಯನ್ನು ಅಂಚೆಗೆ ಹಾಕಬೇಡಿ, ಧಾರವಾಡಕ್ಕೆ ಹೋಗಿ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ಆವಕ ಸಂಖ್ಯೆ ಹಾಕಿಸಿಕೊಂಡು ಬನ್ನಿ. ಮುಂದೆ ಯಾರು ಕೇಳಿದರೂ ಮೊದಲು ಕೇಳುವುದು ಆ ಸಂಖ್ಯೆಯನ್ನೇ.